ಲೂಟೀನ್ ಬೇರೆ, ಲೂಟಿನೈಸಿಂಗ್ ಹಾರ್ಮೋನ್ ಬೇರೆ

ಅಮ್ಮನ ಕಣ್ಣಿನ ಲೂಟೀನ್ ಮಾತ್ರೆ ನುಂಗಿದ್ದಕ್ಕೇ ರಿಪೋರ್ಟಿನಲ್ಲಿ ಎಲ್‌ಎಚ್, ಅಂದರೆ ಲೂಟಿನೈಸಿಂಗ್ ಹಾರ್ಮೋನ್, ಜಾಸ್ತಿ ಬಂತಾ ಅಂತ ಕೇಳಿದ್ದೀರಿ. ಇಲ್ಲ, ಅವೆರಡರದ್ದು ಹೆಸರಿನ ನಂಟು. ಲ್ಯಾಟಿನ್‌ನಲ್ಲಿ ಲೂಟಿಯಸ್ ಅಂದರೆ ಹಳದಿ.

ಲೂಟೀನ್ ಚೆಂಡು ಹೂವು, ಮೊಟ್ಟೆಯ ಹಳದಿ, ಪಾಲಕ್‌ನಲ್ಲಿರುವ ಬಣ್ಣ. (ಪಾಲಕ್ ಹಸಿರು ಅಲ್ವಾ ಅನ್ನಬೇಡಿ, ಹಳದಿ ಅದರಡಿ ಅಡಗಿರುತ್ತದೆ.)

ಎಲ್‌ಎಚ್ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಬಿಡುವ ಹಾರ್ಮೋನ್. ಅಂಡ ಹೊರಬಿದ್ದ ಮೇಲೆ ಅಂಡಾಶಯದಲ್ಲಿ ಉಳಿದ ಖಾಲಿ ಚೀಲವನ್ನು ಅದು ಹಳದಿ ಗಂಟಾಗಿಸುತ್ತದೆ. ಅದೇ ಕಾರ್ಪಸ್ ಲೂಟಿಯಂ, ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಬರುವುದು ಅಲ್ಲಿಂದ. ತಮಾಷೆ ಅಂದರೆ, ಆ ಗಂಟಿನ ಹಳದಿಗೆ ಕಾರಣ ಲೂಟೀನ್‌ನ ಬಳಗದ ಬಣ್ಣಗಳಾದ ಕ್ಯಾರೊಟಿನಾಯ್ಡ್‌ಗಳೇ!

ಅಂಡ ಬಿಡುಗಡೆಗೆ ಸುಮಾರು 24ರಿಂದ 36 ಗಂಟೆ ಮುಂಚೆ ಎಲ್‌ಎಚ್ ತಾನಾಗೇ ಏರುತ್ತದೆ. ಮುಟ್ಟಿನ ಎಷ್ಟನೇ ದಿನ ರಕ್ತ ಕೊಟ್ಟಿರಿ ಅಂತ ಡಾಕ್ಟರಿಗೆ ಮರೆಯದೆ ಹೇಳಿ.