ಡಬ್ಬಿ ಮೇಲಿನ ನಂಬರ್ ನೋಡಿ ಮೋಸ ಹೋಗ್ಬೇಡಿ

ಶಿವಮೊಗ್ಗದಿಂದ ಓದುಗರೊಬ್ಬರು ಬರೆದಿದ್ದಾರೆ. ಅವರ ನಾದಿನಿಗೆ ಮದುವೆ ಗೊತ್ತಾಗಿದೆ, ಅಷ್ಟರಲ್ಲಿ ಸಣ್ಣ ಆಗ್ಬೇಕು ಅಂತ ಯಾರೋ ಪರಿಚಯದವರ ಹತ್ರ ಹರ್ಬಲ್ ಕ್ಯಾಪ್ಸೂಲ್ ತರಿಸಿ ನುಂಗ್ತಿದ್ದಾಳೆ. ತೂಕ ಇಳೀತಿದೆ ನಿಜ, ಆದ್ರೆ ಹಸಿವಿಲ್ಲ, ನಿದ್ದೆ ಇಲ್ಲ, ಬಾಯಿ ಒಣಗುತ್ತೆ, ಎದೆ ಡವಡವ ಅನ್ನುತ್ತೆ. ಕೇಳಿದ್ರೆ "ಡಬ್ಬಿ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಇದೆ, ಗವರ್ನಮೆಂಟ್ ಅಪ್ರೂವ್ಡ್" ಅಂತಾಳಂತೆ. ಸರ್ಕಾರವೇ ಒಪ್ಪಿದ ಮೇಲೆ ನಾನು ಸುಮ್ನೆ ಹೆದರ್ತಿದ್ದೀನಾ ಅಂತ ಕೇಳಿದ್ದಾರೆ.

ಸಂಪಾದಕರ ಉತ್ತರ:

ಮೇಡಂ, ನೀವು ಸುಮ್ನೆ ಹೆದರ್ತಿಲ್ಲ. ಇವತ್ತೇ ಕ್ಯಾಪ್ಸೂಲ್ ನಿಲ್ಸಿ, ಡಬ್ಬಿ ಸಮೇತ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ಬಿಪಿ ನೋಡ್ಲಿ, ಬೇಕಂದ್ರೆ ಇಸಿಜಿ ಮಾಡ್ಲಿ. ಡಬ್ಬಿ ಮಾತ್ರ ಬಿಸಾಕ್ಬೇಡಿ, ಮುಂದೆ ಬೇಕಾಗುತ್ತೆ.

ಈಗ ಆ ನಂಬರ್ ವಿಷ್ಯ. ಎಫ್‌ಎಸ್‌ಎಸ್‌ಎಐ ಅಂದ್ರೆ ಕೇಂದ್ರ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ. 14 ಅಂಕಿಯ ಆ ನಂಬರ್ ಚಿಪ್ಸ್ ಪ್ಯಾಕೆಟ್ ಮೇಲೂ ಇರುತ್ತೆ, ನೀವು ಇಡ್ಲಿ ತಿನ್ನೋ ಹೋಟೆಲ್‌ನಲ್ಲೂ ತೂಗು ಹಾಕಿರ್ತಾರೆ. ಇಂಥವರು ಆಹಾರದ ವ್ಯಾಪಾರ ಮಾಡ್ಬಹುದು ಅನ್ನೋ ಲೈಸೆನ್ಸ್ ಅದು, ಅಷ್ಟೇ. ಈ ಕ್ಯಾಪ್ಸೂಲ್ ತಗೊಂಡ್ರೆ ತೂಕ ಇಳಿಯುತ್ತೆ ಅಂತ ಯಾರೂ ಪರೀಕ್ಷೆ ಮಾಡಿ ಸೀಲ್ ಒತ್ತಿಲ್ಲ.

ಹಿಂದೆ ಒಂದ್ಸಲ ಒಂದೊಂದು ಪ್ರಾಡಕ್ಟ್‌ಗೂ ಅಪ್ರೂವಲ್ ತಗೋಬೇಕು ಅಂತ ಎಫ್‌ಎಸ್‌ಎಸ್‌ಎಐ ಹೊರಟಿತ್ತು, 2013ರಲ್ಲಿ ಅಡ್ವೈಸರಿ ಹೊರಡಿಸಿತ್ತು, ಕಂಪನಿಗಳು ಕೋರ್ಟಿಗೆ ಹೋದ್ವು, ಕಾನೂನು ಪ್ರಕಾರ ರೆಗ್ಯುಲೇಷನ್ ಮಾಡದೆ ಬರೀ ಅಡ್ವೈಸರಿ ಹೊರಡಿಸಿ ಹೀಗೆಲ್ಲ ಕಡ್ಡಾಯ ಮಾಡೋಕಾಗಲ್ಲ ಅಂತ ಬಾಂಬೆ ಹೈಕೋರ್ಟ್ ಹೇಳ್ತು, 2015ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡೀತು. ಆಮೇಲೆ ಬಂದಿದ್ದು 2016ರ ನ್ಯೂಟ್ರಾಸ್ಯೂಟಿಕಲ್ ನಿಯಮಗಳು, ಅಂದ್ರೆ ಇಂಥ ಪೂರಕ ಆಹಾರದ ಮಾತ್ರೆ, ಪುಡಿಗಳ ನಿಯಮಗಳು. ಯಾವ ವಿಟಮಿನ್, ಯಾವ ಗಿಡಮೂಲಿಕೆ ಹಾಕ್ಬಹುದು ಅಂತ ಪಟ್ಟಿ ಇದೆ, ಆ ಪಟ್ಟಿ ಒಳಗೇ ಮಾಡಿದ್ರೆ ಮುಂಚೆ ಹೋಗಿ ಅಪ್ರೂವಲ್ ತಗೊಳ್ಳೋದು ಬೇಕಿಲ್ಲ. ಹಾರ್ಮೋನು, ಸ್ಟೀರಾಯ್ಡ್ ಬೆರೆಸೋ ಹಾಗಿಲ್ಲ, ಲೇಬಲ್ ಮೇಲೆ ಇದು ಔಷಧಿಯಾಗಿ ಬಳಸೋಕಲ್ಲ ಅಂತ ಬರೀಲೇಬೇಕು. ನಿಮ್ಮ ಡಬ್ಬಿ ತಿರುಗಿಸಿ ನೋಡಿ, ಆ ಸಾಲು ಇದ್ರೆ ಮಾರೋರು ಹೇಳ್ತಿರೋದಕ್ಕೂ ಡಬ್ಬಿ ಹೇಳ್ತಿರೋದಕ್ಕೂ ತಾಳೆ ಆಗ್ತಿಲ್ಲ ಅಂತ ಅಲ್ಲೇ ಗೊತ್ತಾಗುತ್ತೆ. ಇಲ್ದೇ ಇದ್ರೆ ಅದೇ ಒಂದು ತಪ್ಪು.

ಇನ್ನೊಂದು ಕಾನೂನಿದೆ, ಯಾರಿಗೂ ನೆನಪಿರಲ್ಲ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಆಕ್ಟ್. ಯಾವ್ಯಾವ ಕಾಯಿಲೆಗೆ ಔಷಧಿ ಇದೆ ಅಂತ ಜಾಹೀರಾತು ಕೊಡೋ ಹಾಗಿಲ್ಲ ಅನ್ನೋ ಪಟ್ಟಿ ಅದರಲ್ಲಿದೆ, ಬೊಜ್ಜು ಆ ಪಟ್ಟಿಯಲ್ಲಿದೆ. ಆದ್ರೂ ದಿನಾ ಮೊಬೈಲ್ ತೆಗೆದ್ರೆ ಇದೇ ಜಾಹೀರಾತು, ನನಗೆ ಸಿಟ್ಟು ಬರೋದು ಇಲ್ಲೇ.

ಅಸಲಿ ಭಯ ಲೇಬಲ್ ಮೇಲೆ ಬರೆದಿರೋದ್ರದ್ದಲ್ಲ, ಬರೀದೇ ಒಳಗೆ ಹಾಕಿರೋದ್ರದ್ದು. ಸಿಬುಟ್ರಮಿನ್ ಅಂತ ಹಸಿವು ಕಮ್ಮಿ ಮಾಡೋ ಮಾತ್ರೆ ಇತ್ತು, ಹಾರ್ಟ್ ಅಟ್ಯಾಕ್, ಸ್ಟ್ರೋಕ್ ರಿಸ್ಕ್ ಜಾಸ್ತಿ ಮಾಡುತ್ತೆ ಅಂತ ಗೊತ್ತಾಗಿ 2010ರಲ್ಲಿ ಯುರೋಪ್, ಅಮೆರಿಕದಲ್ಲಿ ಮಾರ್ಕೆಟ್‌ನಿಂದ ತೆಗೆದ್ರು, 2011ರಲ್ಲಿ ನಮ್ಮಲ್ಲೂ ಬ್ಯಾನ್ ಆಯ್ತು. ಅದೇ ಸಿಬುಟ್ರಮಿನ್ ಹರ್ಬಲ್, ನ್ಯಾಚುರಲ್ ಅಂತ ಬರೆದ ಕ್ಯಾಪ್ಸೂಲ್‌ಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಮತ್ತೆ ಮತ್ತೆ ಸಿಗ್ತಾನೇ ಇದೆ. ಬಾಯಿ ಒಣಗೋದು, ನಿದ್ದೆ ಬರದೇ ಇರೋದು, ಎದೆಬಡಿತ ಜೋರಾಗೋದು ಇವೆಲ್ಲ ಅದರ ಲಕ್ಷಣಾನೇ. ನಿಮ್ಮ ನಾದಿನಿ ತಗೊಂಡಿದ್ರಲ್ಲಿ ಅದೇ ಇದೆ ಅಂತ ಲ್ಯಾಬ್ ಟೆಸ್ಟ್ ಇಲ್ದೆ ಹೇಳೋಕಾಗಲ್ಲ, ಆದ್ರೆ ನಿಮ್ಮ ಪತ್ರ ಓದಿ ನನಗೆ ಮೊದ್ಲು ಹೊಳೆದಿದ್ದೇ ಅದು. ಅದಕ್ಕೇ ಡಾಕ್ಟರ್‌ಗೆ ಏನೂ ಮುಚ್ಚಿಡ್ಬೇಡಿ.

ಲೇಬಲ್ ಮೇಲೆ ಗಾರ್ಸಿನಿಯಾ ಅಂತ ಬರೆದಿದೆ ಅಂದಿದ್ದೀರಿ. ಅದು ಬೇರೇನಲ್ಲ, ಶಿರಸಿ, ಸಿದ್ದಾಪುರ ಕಡೆಯ ಉಪ್ಪಾಗೆ. ಮಳೆಗಾಲದಲ್ಲೇ ಹಣ್ಣಾಗೋದ್ರಿಂದ ಬಿಸಿಲು ಸಿಗಲ್ಲ, ಸಿಪ್ಪೆನ ಬೆಂಕಿ ಶಾಖದಲ್ಲಿ ಒಣಗಿಸ್ತಾರೆ, ಬೀಜದಿಂದ ಉಪ್ಪಾಗೆ ತುಪ್ಪ ಮಾಡ್ತಾರೆ. ಅಡುಗೆಗೆ ಹುಳಿಯಾಗಿ ಬಳಸೋದ್ರ ಬಗ್ಗೆ ನನ್ನ ತಕರಾರಿಲ್ಲ. ಕ್ಯಾಪ್ಸೂಲ್ ಒಳಗಿರೋದು ಆ ಹುಳಿಯ ಆಸಿಡ್ ಹಿಂಡಿ ಗಟ್ಟಿ ಮಾಡಿದ ಸಾರ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದ್ರು, ಇದನ್ನ ತಗೊಂಡೋರಿಗೂ ಸುಳ್ಳು ಮಾತ್ರೆ ತಗೊಂಡೋರಿಗೂ ತೂಕದಲ್ಲಿ ಹೇಳ್ಕೊಳ್ಳೋ ವ್ಯತ್ಯಾಸ ಕಾಣಲಿಲ್ಲ. ಇಂಥ ಕ್ಯಾಪ್ಸೂಲ್ ತಗೊಂಡು ಲಿವರ್ ಹಾಳಾದ ಕೇಸ್‌ಗಳೂ ವರದಿ ಆಗಿವೆ, ಹಾಗಾಗಿ ಡಾಕ್ಟರ್ ಹತ್ರ ಲಿವರ್ ಟೆಸ್ಟ್ ಬಗ್ಗೆನೂ ಕೇಳಿ.

ಫಾರಿನ್ ಡಬ್ಬಿ ತರಿಸಿದ್ರೆ ಸೇಫ್ ಅನ್ಕೊಳ್ಳೋರೂ ಇದ್ದಾರೆ. ಅಮೆರಿಕದಲ್ಲಿ 1994ರ ಕಾನೂನಿನ ಪ್ರಕಾರ ಸಪ್ಲಿಮೆಂಟ್ ಮಾರೋಕೆ ಮುಂಚೆ ಎಫ್‌ಡಿಎ ಅಪ್ರೂವಲ್ ಬೇಕಾಗೇ ಇಲ್ಲ, ತೊಂದ್ರೆ ಆದ್ಮೇಲೆ ಅಪಾಯ ಇದೆ ಅಂತ ಎಫ್‌ಡಿಎನೇ ತೋರಿಸ್ಬೇಕು. ಎಫೆಡ್ರಾ ಅನ್ನೋ ಗಿಡಮೂಲಿಕೆ ಇದ್ದ ತೂಕ ಇಳಿಸೋ ಮಾತ್ರೆ ತಗೊಳ್ತಿದ್ದ ಸ್ಟೀವ್ ಬೆಕ್ಲರ್ ಅನ್ನೋ 23 ವರ್ಷದ ಬೇಸ್‌ಬಾಲ್ ಆಟಗಾರ 2003ರಲ್ಲಿ ಪ್ರಾಕ್ಟೀಸ್ ಟೈಮಲ್ಲಿ ಕುಸಿದು ತೀರ್ಕೊಂಡ, ಅಲ್ಲಿ ಎಫೆಡ್ರಾ ಬ್ಯಾನ್ ಆಗಿದ್ದು 2004ರಲ್ಲಿ.

ಕೊನೇದಾಗಿ ದೂರು. ಕೊಂಡೋರೇ ಹಣ ಕಟ್ಟಿ ಟೆಸ್ಟ್ ಮಾಡ್ಸೋಕೆ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅವಕಾಶ ಇದೆ, ಆದ್ರೆ ಕೊಳ್ಳುವಾಗಲೇ ಮಾರೋರಿಗೆ ಹೇಳಿರ್ಬೇಕು, ನಿಮ್ಮ ವಿಷ್ಯದಲ್ಲಿ ಅದು ಮುಗಿದುಹೋಗಿದೆ. ಹಾಗಾಗಿ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗೆ ಬರಹದಲ್ಲಿ ದೂರು ಕೊಡಿ, ಇಲ್ಲಾಂದ್ರೆ ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್‌ನಲ್ಲಿ ಹಾಕಿ. ಡಬ್ಬಿಯ ನಾಲ್ಕೂ ಕಡೆ ಫೋಟೋ, ಬ್ಯಾಚ್ ನಂಬರ್, ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್, ಮಾರಿದೋರು ಕಳಿಸಿದ ಮೆಸೇಜ್ ಎಲ್ಲಾ ಜೊತೆಗಿರಲಿ. ಉಳಿದ ಕ್ಯಾಪ್ಸೂಲ್ ಡಬ್ಬಿಯಲ್ಲೇ ಇರಲಿ, ಬೇರೆ ಕವರ್‌ಗೆ ಹಾಕ್ಬೇಡಿ.