ಡೆಮೊ ಕಳಿಸಿದೆ, ಉತ್ತರ ಬರಲಿಲ್ಲ ಅನ್ನುವವರಿಗೆ

ಟಿ.ವಿ. ಸುದ್ದಿ ಕೆಲಸದ ಬಗ್ಗೆ ಬರುವ ಪತ್ರಗಳನ್ನು ಗುಡ್ಡೆ ಹಾಕಿದರೆ ದೊಡ್ಡ ಗುಡ್ಡೆ ಒಂದೇ: ಆ್ಯಂಕರ್ ಆಗಬೇಕು, ಡೆಮೊ (ಮಾದರಿ ವಿಡಿಯೊ) ಕಳಿಸಿದೆ, ಯಾರೂ ಉತ್ತರಿಸಲಿಲ್ಲ. ಹೋದ ಸಲವೂ ಅದೇ, ಅದರ ಹಿಂದಿನ ಸಲವೂ ಅದೇ. ಹಾಗಾಗಿ ಈ ಬಾರಿ ಅದಕ್ಕೇ ಹೆಚ್ಚು ಜಾಗ. ಮೊದಲು ಓದುಗರ ಪ್ರಶ್ನೆ, ಅದರ ಕೆಳಗೆ ಉತ್ತರ. ದಿನಾ ಪೇಪರ್ ಓದಬೇಕೇ ಎಂಬಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇಲ್ಲ. ಅದನ್ನು ಕೇಳಬೇಕು ಅನ್ನಿಸಿದವರಿಗೆ ಈ ಕೆಲಸವೇ ಬೇಡ.

ಪದವಿ ಮುಗಿದು ವರ್ಷವಾಯಿತು. ಆರು ನಿಮಿಷದ ಡೆಮೊ ಮಾಡಿ ಏಳೆಂಟು ಚಾನೆಲ್‌ಗಳಿಗೆ ಕಳಿಸಿದ್ದೇನೆ. ಧ್ವನಿ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಎಲ್ಲಿಂದಲೂ ಕರೆ ಬಂದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ? (ಹಾವೇರಿ ಜಿಲ್ಲೆಯ ಓದುಗರು)

ಆರು ನಿಮಿಷ ಅಂದಿರಲ್ಲ, ಮೊದಲ ತಪ್ಪು ಅದೇ. ಡೆಸ್ಕಿನವರು (ಚಾನೆಲ್‌ನಲ್ಲಿ ಸುದ್ದಿ ಬರೆದು ತಿದ್ದುವವರು) ಡೆಮೊ ನೋಡುವುದು ಎರಡು ಬುಲೆಟಿನ್‌ಗಳ ನಡುವೆ ಸಿಕ್ಕ ಬಿಡುವಿನಲ್ಲಿ, ಮೊಬೈಲಿನಲ್ಲಿ, ಪಕ್ಕದಲ್ಲಿ ನಾಲ್ಕು ಫೋನ್ ಕೂಗುತ್ತಿರುವಾಗ. ಮುಂದೆ ನೋಡಬೇಕೋ ಬೇಡವೋ ಎಂಬುದು ಮೊದಲ ಇಪ್ಪತ್ತು ಸೆಕೆಂಡಿನಲ್ಲೇ ತೀರ್ಮಾನವಾಗುತ್ತದೆ. ಬರುವ ಡೆಮೊಗಳಲ್ಲಿ ಆ ಇಪ್ಪತ್ತು ಸೆಕೆಂಡ್ ತುಂಬ ತಿರುಗುವ ಭೂಗೋಳ, ಢಂ ಢಂ ಸಂಗೀತ, ಬೆಂಕಿ ಉಗುಳುವ ಅಕ್ಷರಗಳಲ್ಲಿ ಅಭ್ಯರ್ಥಿಯ ಹೆಸರು. ಮುಖ ಬರುವ ಹೊತ್ತಿಗೆ ನೋಡುವವರು ಎದ್ದು ಹೋಗಿರುತ್ತಾರೆ.

ಮೂರು ನಿಮಿಷ ಸಾಕು. ಹೆಸರು, ಊರು, ಫೋನ್ ನಂಬರ್, ಬರುವ ಭಾಷೆಗಳು ಇರುವ ಸಾದಾ ಕಾರ್ಡ್ 5 ಸೆಕೆಂಡ್. ನಿಜವಾದ ಜಾಗದಲ್ಲಿ ನಿಂತು ಕೊಟ್ಟ ಪಿಟಿಸಿ (ಪೀಸ್ ಟು ಕ್ಯಾಮೆರಾ, ಅಂದರೆ ಕ್ಯಾಮೆರಾ ನೋಡಿ ಹೇಳುವ ವರದಿ) 30 ಸೆಕೆಂಡ್. ಕೂತು ಓದಿದ ಮೂರು ಸುದ್ದಿ 70 ಸೆಕೆಂಡ್. ಅವುಗಳಲ್ಲಿ ಒಂದು ಅಂಕಿಗಳಿಂದ ತುಂಬಿದ್ದು, ಒಂದು ಸಾವಿನ ಸುದ್ದಿ, ಒಂದು ಹಗುರವಾದದ್ದು ಇರಲಿ. ನೀವೇ ಬರೆದು ಧ್ವನಿ ಕೊಟ್ಟ ಚಿಕ್ಕ ಪ್ಯಾಕೇಜ್ (ದೃಶ್ಯಗಳ ಜೊತೆ ಜೋಡಿಸಿದ ವರದಿ) 45 ಸೆಕೆಂಡ್. ಕೊನೆಗೆ ಕೈಯಲ್ಲಿ ಏನೂ ಇಲ್ಲದೆ ಮಾತಾಡಿದ ಲೈವ್ 30 ಸೆಕೆಂಡ್. ಹಿನ್ನೆಲೆ ಸಂಗೀತ ಎಲ್ಲೂ ಬೇಡ. ಹೆಸರಾಂತ ಆ್ಯಂಕರ್ ಒಬ್ಬರ ಕೂಗನ್ನು ಅನುಕರಣೆ ಮಾಡಿದ್ದೀರಾದರೆ ಅದನ್ನು ಈಗಲೇ ಅಳಿಸಿ. ಅಸಲಿಯೇ ಸಿಗುವಾಗ ನಕಲು ಯಾರಿಗೆ ಬೇಕು?

ಚಿತ್ರಕ್ಕಿಂತ ಧ್ವನಿ ಕೆಟ್ಟದ್ದಕ್ಕೇ ಹೆಚ್ಚು ಡೆಮೊ ಬಿದ್ದುಹೋಗುತ್ತವೆ. ಫೋನಿನ ಸ್ವಂತ ಮೈಕು ನಿಮಗಿಂತ ಮೊದಲು ಕೋಣೆಯ ಪ್ರತಿಧ್ವನಿಯನ್ನು ಹಿಡಿಯುತ್ತದೆ. ತಂತಿಯ ಅಗ್ಗದ ಕಾಲರ್ ಮೈಕು ಸಾಕು. ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ಸರ, ಸೆರಗು, ಜುಬ್ಬದ ಗುಂಡಿ ಉಜ್ಜದಂತೆ ನೋಡಿಕೊಳ್ಳಿ. ಫ್ಯಾನು ಆರಿಸಿ. ಖಾಲಿ ಗೋಡೆಗಳ ಹಾಲ್‌ಗಿಂತ ಹಾಸಿಗೆ, ಬಟ್ಟೆ ತುಂಬಿದ ಮಲಗುವ ಕೋಣೆ ಎಷ್ಟೋ ಮೇಲು. ಧ್ವನಿಯ ಮಟ್ಟದ ಮೀಟರ್ ತೋರಿಸುವ ಆ್ಯಪ್ ಇದ್ದರೆ ಗಟ್ಟಿ ಅಕ್ಷರಗಳು ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ನಿಲ್ಲಲಿ. ಸೊನ್ನೆ ಮುಟ್ಟಿದರೆ ಒಡೆದ ಧ್ವನಿಯನ್ನು ಯಾವ ಎಡಿಟರೂ ಸರಿಮಾಡಲಾರ. ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಇಯರ್‌ಫೋನ್ ಹಾಕಿ ಕೇಳಿದ ಮೇಲೆಯೇ ಪೂರ್ತಿ ಓದಲು ಕೂರಿ.

ಫೋನು ಅಡ್ಡ ಇರಲಿ, ಹಿಂದಿನ ಕ್ಯಾಮೆರಾ ಬಳಸಿ, ಲೆನ್ಸು ಕಣ್ಣಿನ ಮಟ್ಟಕ್ಕೆ ಬರಲಿ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ನಮ್ಮ ಕರೆಂಟು 50 ಹರ್ಟ್ಸ್ ಆದದ್ದರಿಂದ ಫೋನನ್ನು 30ರಲ್ಲೇ ಬಿಟ್ಟರೆ ಕೆಲವು ಟ್ಯೂಬ್‌ಲೈಟ್, ಎಲ್‌ಇಡಿಗಳ ಕೆಳಗೆ ಮುಖದ ಮೇಲೆ ಪಟ್ಟೆ ಓಡುತ್ತವೆ. ಈ ಸೆಟ್ಟಿಂಗ್ ನಿಮ್ಮ ಫೋನಿನಲ್ಲಿ ಇಲ್ಲದಿದ್ದರೆ ಕಿಟಕಿಯ ಕಡೆ ಮುಖ ಮಾಡಿ ಹಗಲು ಬೆಳಕಿನಲ್ಲಿ ತೆಗೆಯಿರಿ. ಸಣ್ಣ ಗೆರೆಯ ಅಂಗಿ ತೆರೆಯ ಮೇಲೆ ಹುಳದಂತೆ ಮಿಜಿಗುಟ್ಟುತ್ತದೆ, ಜರಿ ಬೆಳಕನ್ನು ವಾಪಸ್ ಎಸೆಯುತ್ತದೆ, ಎರಡೂ ಬೇಡ. ಪ್ರಾಂಪ್ಟರ್ ಆ್ಯಪ್ (ಓದಬೇಕಾದ ಸಾಲುಗಳನ್ನು ತೆರೆಯ ಮೇಲೆ ಓಡಿಸುವಂಥದ್ದು) ಬಳಸುವವರು ಸಾಲಿಗೆ ಎರಡು ಮೂರು ಪದ ಮಾತ್ರ ಬರುವಂತೆ ಅಗಲ ಕಿರಿದು ಮಾಡಿ, ಐದಾರು ಅಡಿ ದೂರ ಕೂರಿ. ಹತ್ತಿರ ಕೂತರೆ ಕಣ್ಣು ಟೈಪ್‌ರೈಟರಿನ ಹಾಗೆ ಎಡಬಲ ಓಡುವುದು ಎಲ್ಲರಿಗೂ ಕಾಣುತ್ತದೆ.

ಇದೆಲ್ಲ ಒಂದು ಭಾನುವಾರದಲ್ಲಿ ಕಲಿಯುವಂಥದ್ದು. ನಿಜವಾಗಿ ನಿಮ್ಮನ್ನು ಹೊರಗೆ ನಿಲ್ಲಿಸಿರುವುದು ಬೇರೆ: ಪೇಪರಿನ ಸುದ್ದಿಯನ್ನು ಕತ್ತರಿಸಿ ಹಾಗೆ ಹಾಗೇ ಓದುವ ಚಾಳಿ. ಈ ಸಾಲನ್ನು ಗಟ್ಟಿಯಾಗಿ ಓದಿ:

‘ಕಬಿನಿ ಜಲಾಶಯದಿಂದ ಹೆಚ್ಚುವರಿ ನೀರನ್ನು ಹೊರಬಿಟ್ಟಿರುವ ಹಿನ್ನೆಲೆಯಲ್ಲಿ ನಂಜನಗೂಡಿನ ಕಪಿಲಾ ನದಿ ತೀರದ ತಗ್ಗು ಪ್ರದೇಶಗಳಲ್ಲಿ ವಾಸಿಸುತ್ತಿರುವ ಕುಟುಂಬಗಳನ್ನು ಸುರಕ್ಷಿತ ಸ್ಥಳಗಳಿಗೆ ಸ್ಥಳಾಂತರಿಸುವ ಕಾರ್ಯ ಭರದಿಂದ ಸಾಗಿದೆ.’

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಕಾಗದದ ಮೇಲಾದರೆ ಕಣ್ಣು ಹಿಂದಕ್ಕೆ ಹೋಗಿ ಮತ್ತೆ ಓದಿಕೊಳ್ಳುತ್ತದೆ. ಕಿವಿಗೆ ಆ ಸೌಲಭ್ಯ ಇಲ್ಲ. ಏನಾಯಿತು ಎಂದು ತಿಳಿಯಲು ಕೇಳುವವರು ‘ಸಾಗಿದೆ’ವರೆಗೆ ಎಲ್ಲವನ್ನೂ ಹೊತ್ತುಕೊಂಡು ಕಾಯಬೇಕು. ಓದುವ ನಿಮಗೂ ಉಸಿರು ಸಾಲದು, ಕೊನೆಯ ಪದ ಕುಸಿಯುತ್ತದೆ. ಆಡುವ ಹಾಗೆ ಬರೆದರೆ: ‘ಕಬಿನಿಯಿಂದ ನೀರು ಬಿಟ್ಟಿದ್ದಾರೆ. ನಂಜನಗೂಡಿನಲ್ಲಿ ಕಪಿಲೆ ಉಕ್ಕಿದ್ದಾಳೆ. ದಂಡೆಯ ಮನೆಗಳನ್ನು ಖಾಲಿ ಮಾಡಿಸುತ್ತಿದ್ದಾರೆ.’ ಮೂರು ಸಾಲು, ಮೂರು ಕ್ರಿಯಾಪದ, ಮೂರು ಉಸಿರು. ಒಂದು ಸಾಲು ಎಂಟು ಹತ್ತು ಪದ ದಾಟಿದರೆ ಒಡೆಯಿರಿ. ‘ಹಿನ್ನೆಲೆಯಲ್ಲಿ’ ಎಂಬ ಪದ ಬಂದಲ್ಲೆಲ್ಲ ಅಲ್ಲಿ ಎರಡು ವಾಕ್ಯ ಅಡಗಿವೆ ಎಂದು ತಿಳಿಯಿರಿ.

ಲೈವ್‌ನಲ್ಲಿ ರೋಗ ಇನ್ನೊಂದು ಬಗೆಯದು. ‘ಹೌದು ವೀಕ್ಷಕರೇ, ನೀವು ನೋಡ್ತಾ ಇರಬಹುದು, ಏನು ಈ ಒಂದು ಜಲಾಶಯ ಇದೆ, ಈ ಒಂದು ಜಲಾಶಯದಿಂದ ನೀರನ್ನು ಬಿಟ್ಟಿರುವಂತಹದ್ದು.’ ಇದರಲ್ಲಿ ಸುದ್ದಿ ಎರಡೇ ಪದ, ಮಿಕ್ಕದ್ದು ಯೋಚಿಸಲು ಹೊತ್ತು ಸಿಗಲೆಂದು ತುರುಕಿದ ಹೊಟ್ಟು. ‘ಒಂದು’, ‘ಏನಿದೆ’, ‘-ವಂತಹದ್ದು’ ಈ ಮೂರನ್ನು ಬಿಡುವುದಕ್ಕೆ ಮದ್ದು ಸುಲಭ. ಕ್ಯಾಮೆರಾ ಮುಂದೆ ನಿಲ್ಲುವ ಮೊದಲು ಮೂರು ಉತ್ತರ ಮನಸ್ಸಿನಲ್ಲಿರಲಿ: ಏನಾಯಿತು, ಈಗ ಏನಾಗುತ್ತಿದೆ, ಮುಂದೆ ಏನು. ಒಂದು ಮುಗಿದ ಕೂಡಲೇ ನಿಲ್ಲಿಸಿ. ಅರ್ಧ ಸೆಕೆಂಡಿನ ಮೌನಕ್ಕೆ ಯಾರೂ ಚಾನೆಲ್ ಬದಲಿಸುವುದಿಲ್ಲ.

ಅಂಕಿಯ ಸುದ್ದಿ ಇರಲಿ ಎಂದದ್ದಕ್ಕೆ ಕಾರಣವಿದೆ. ಮಳೆಗಾಲ ಬಂತೆಂದರೆ ಟಿಎಂಸಿ, ಕ್ಯೂಸೆಕ್ ಕಲಸುಮೇಲೋಗರ. ಒಂದು ಟಿಎಂಸಿ ಅಡಿ ಅಂದರೆ ನೂರು ಕೋಟಿ ಘನ ಅಡಿ, ಅದು ನೀರಿನ ಪ್ರಮಾಣ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಅದು ಹರಿವು. 11,574 ಕ್ಯೂಸೆಕ್‌ನಂತೆ ಇಡೀ 24 ಗಂಟೆ ಬಿಟ್ಟರೆ ಸುಮಾರು ಒಂದು ಟಿಎಂಸಿ ಅಡಿ ಆಗುತ್ತದೆ. ಕೆಆರ್‌ಎಸ್ 124.80 ಅಡಿ ತುಂಬಿದಾಗ ಹಿಡಿಯುವುದು 49.45 ಟಿಎಂಸಿ ಅಡಿ. ‘10 ಸಾವಿರ ಟಿಎಂಸಿ ಬಿಡುಗಡೆ’ ಎಂದು ಓದುವವರಿಗೆ ಇನ್ನೂರು ಕೆಆರ್‌ಎಸ್ ಬೇಕು! ಇಂಥದ್ದನ್ನು ಡೆಮೊದಲ್ಲಿ ಸರಿಯಾಗಿ ಹೇಳಿದರೆ ಕೇಳುವ ಮಂಡ್ಯದ ವರದಿಗಾರ ಕಿವಿ ನೆಟ್ಟಗೆ ಮಾಡುತ್ತಾನೆ. 2,35,40,000 ಎಂದು ಸ್ಕ್ರಿಪ್ಟಿನಲ್ಲಿ ಬರೆದಿಟ್ಟುಕೊಂಡು ಲೈವ್‌ನಲ್ಲಿ ಸೊನ್ನೆ ಎಣಿಸಬೇಡಿ. ‘2 ಕೋಟಿ 35 ಲಕ್ಷ’ ಎಂದೇ ಬರೆಯಿರಿ, ಬಾಲದ ಸಾವಿರಗಳು ಕಿವಿಗೆ ಬೇಡ.

ಇನ್ನು ಉಚ್ಚಾರ. ಅ ಮತ್ತು ಹ ಅದಲುಬದಲಾಗುವವರು ಅದನ್ನು ನಗೆಚಾಟಿಕೆ ಎಂದು ತಳ್ಳಿಹಾಕಬೇಡಿ. ‘ಆದರದ ಸ್ವಾಗತ’ಕ್ಕೆ ಹ ಸೇರಿಸಿ ಓದಿ ನೋಡಿ, ಯಾಕೆ ಹೇಳುತ್ತಿದ್ದೇನೆಂದು ಗೊತ್ತಾಗುತ್ತದೆ. ಬೆಳೆ ನಾಶವೇ ಬೇರೆ, ಬೆಲೆ ಕುಸಿತವೇ ಬೇರೆ. ಪರಿಹಾರವಾಗಿ ಸರ್ಕಾರ ಕೊಡುವುದು ಧನ, ಕೊಟ್ಟಿಗೆಯಲ್ಲಿರುವುದು ದನ. ಬಾಯಿಯ ಮುಂದೆ ನಾಲ್ಕು ಬೆರಳು ದೂರದಲ್ಲಿ ತೆಳು ಕಾಗದ ಹಿಡಿದು ಹೇಳಿ: ಹಕಾರಕ್ಕೂ ಮಹಾಪ್ರಾಣಕ್ಕೂ ಕಾಗದ ಅಲುಗಬೇಕು, ‘ಅ’ಗೆ ಅಲುಗಬಾರದು. ಲ ಹೇಳುವಾಗ ನಾಲಗೆಯ ತುದಿ ಮೇಲು ಹಲ್ಲಿನ ಹಿಂಬದಿಗೆ, ಳ ಹೇಳುವಾಗ ಮಡಚಿ ಅಂಗುಳಿಗೆ. ದಿನಕ್ಕೆ ಹತ್ತು ಸಾಲು ರೆಕಾರ್ಡ್ ಮಾಡಿ, ಮರುದಿನ ಕೇಳಿ. ಅಂದೇ ಕೇಳಿದರೆ ನಿಮ್ಮ ತಪ್ಪು ನಿಮಗೇ ಕೇಳಿಸುವುದಿಲ್ಲ. ಎಚ್ಚರ: ತಿದ್ದಿಕೊಳ್ಳುವ ಭರದಲ್ಲಿ ‘ಭಂಗಾರ’, ‘ವಿಧ್ಯಾರ್ಥಿ’ ಎಂದು ಇಲ್ಲದ ಕಡೆ ಮಹಾಪ್ರಾಣ ತುಂಬುವವರೇ ಹೆಚ್ಚು.

ಕಳಿಸುವ ವಿಧಾನವೂ ಕೆಟ್ಟಿದೆ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಕಳಿಸಿದರೆ ಅದು ಹಿಂಡಿ ಹಿಪ್ಪೆಯಾಗಿ ತಲುಪುತ್ತದೆ. ಡ್ರೈವ್ ಲಿಂಕ್ ಕಳಿಸುವವರು ಅದನ್ನು ಎಲ್ಲರಿಗೂ ತೆರೆದಿಡಲು ಮರೆಯುತ್ತಾರೆ. ‘ಅನುಮತಿ ಕೇಳಿ’ ಎಂದು ಬಂದರೆ ಯಾರೂ ಕೇಳುವುದಿಲ್ಲ. ಯೂಟ್ಯೂಬ್‌ನಲ್ಲಿ ಪಟ್ಟಿಗೆ ಬಾರದಂತೆ (‘ಅನ್‌ಲಿಸ್ಟೆಡ್’) ಹಾಕಿ ಲಿಂಕ್ ಕೊಡಿ. ಜೊತೆಗೆ ನೀವು ಬರೆದ ಒಂದು ಪುಟದ ಸ್ಕ್ರಿಪ್ಟ್ ಯೂನಿಕೋಡ್‌ನಲ್ಲಿ ಇರಲಿ. ಅರ್ಜಿಯಲ್ಲಿ ‘ಆ್ಯಂಕರ್ ಮಾತ್ರ’ ಎಂದು ಬರೆಯಬೇಡಿ. ಹೊಸಬರು ಒಳಗೆ ಬರುವ ಬಾಗಿಲು ಡೆಸ್ಕು. ಅಲ್ಲಿ ಪರೀಕ್ಷೆಗೆ ಇಂಗ್ಲಿಷ್ ಏಜೆನ್ಸಿ ಕಾಪಿ (ಸುದ್ದಿ ಸಂಸ್ಥೆ ಕಳಿಸಿದ ಬರಹ) ಕೊಟ್ಟು ಕನ್ನಡದಲ್ಲಿ ಲೀಡ್ (ಸುದ್ದಿಯ ಮೊದಲ ಸಾಲುಗಳು), ವಾಯ್ಸ್ ಓವರ್ (ದೃಶ್ಯಗಳ ಮೇಲೆ ಓದುವ ಮಾತು) ಬರೆಸುತ್ತಾರೆ. ಗಡಿಯಾರ ಇಟ್ಟುಕೊಂಡು 15 ನಿಮಿಷಕ್ಕೆ ಒಂದು ಕಾಪಿಯಂತೆ ಮನೆಯಲ್ಲೇ ಅಭ್ಯಾಸ ಮಾಡಿ. ಕನ್ನಡದ ‘ನುಡಿ’ ವಿನ್ಯಾಸದಲ್ಲಿ ಕೀಲಿಗಳನ್ನು ನೋಡದೆ ಟೈಪ್ ಮಾಡಲು ಬಾರದಿದ್ದರೆ ಮೊದಲು ಅದು. ಧ್ವನಿ ಚೆನ್ನಾಗಿದೆ ಅನ್ನುವ ನೆಂಟರು ಆ ಪರೀಕ್ಷೆಯ ಕೋಣೆಗೆ ಬರುವುದಿಲ್ಲ.

30 ದಿನದ ಆ್ಯಂಕರಿಂಗ್ ಕೋರ್ಸ್, ಕೆಲಸ ಗ್ಯಾರಂಟಿ ಎಂಬ ಜಾಹೀರಾತು ನೋಡಿದೆ. ಸೇರಬಹುದೇ?

ಗ್ಯಾರಂಟಿಯನ್ನು ಮುದ್ರೆ ಹಾಕಿದ ಕಾಗದದಲ್ಲಿ ಕೊಡಿ ಎಂದು ಕೇಳಿ. ಅಲ್ಲಿಗೆ ಮಾತು ಮುಗಿಯುತ್ತದೆ.

ಹಣ ಕಟ್ಟಿದರೆ ಪ್ರೆಸ್ ಕಾರ್ಡ್, ಮೈಕಿನ ಲೋಗೊ, ತಾಲ್ಲೂಕು ವರದಿಗಾರ ಹುದ್ದೆ ಕೊಡುತ್ತಾರಂತೆ. ‘ಆರ್‌ಎನ್‌ಐ ಮಾನ್ಯತೆ’ ಇದೆ ಎನ್ನುತ್ತಾರೆ.

ಆರ್‌ಎನ್‌ಐ (2023ರ ಕಾಯ್ದೆಯ ನಂತರ ಅದರ ಹೆಸರು ಪಿಆರ್‌ಜಿಐ) ನೋಂದಾಯಿಸುವುದು ಪತ್ರಿಕೆಗಳನ್ನು, ಮನುಷ್ಯರನ್ನಲ್ಲ. ಯಾರಿಗೂ ಅದು ಪ್ರೆಸ್ ಕಾರ್ಡ್ ಕೊಡುವುದಿಲ್ಲ. ಟಿ.ವಿ. ಚಾನೆಲ್‌ಗಂತೂ ಅದಕ್ಕೂ ಸಂಬಂಧವೇ ಇಲ್ಲ. ಚಾನೆಲ್‌ಗೆ ಅನುಮತಿ ಕೊಡುವುದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ. ನಿಮ್ಮಿಂದ ಠೇವಣಿ ಕೇಳುವವರು, ತಿಂಗಳಿಗೆ ಇಷ್ಟು ಜಾಹೀರಾತು ತನ್ನಿ ಅನ್ನುವವರು ಸುದ್ದಿ ಮಾಡುತ್ತಿಲ್ಲ, ವಸೂಲಿ ಮಾಡಿಸುತ್ತಿದ್ದಾರೆ. ನಾಳೆ ದೂರು ದಾಖಲಾದರೆ ಠಾಣೆಯಲ್ಲಿ ಕೂರುವವರು ನೀವು. ಸರಿಯಾದ ಕಡೆ ಸ್ಟ್ರಿಂಗರ್ (ಸುದ್ದಿಗೆ ಇಷ್ಟು ಎಂದು ಹಣ ಪಡೆಯುವ ವರದಿಗಾರ) ಆಗುವುದಾದರೂ ಸುದ್ದಿಗೆ ಎಷ್ಟು, ಪೆಟ್ರೋಲ್ ಯಾರದು, ವಿಮೆ ಇದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಎಫ್‌ಎಂನಲ್ಲಿ ಸುದ್ದಿ ಓದುವ ಆಸೆ. ಯಾವ ಸ್ಟೇಷನ್‌ಗೆ ಅರ್ಜಿ ಹಾಕಲಿ?

ಖಾಸಗಿ ಎಫ್‌ಎಂಗೆ ಸ್ವಂತ ಸುದ್ದಿ ಪ್ರಸಾರ ಮಾಡಲು ಅನುಮತಿಯೇ ಇಲ್ಲ; ಆಕಾಶವಾಣಿಯ ಬುಲೆಟಿನ್ನನ್ನು ಬದಲಿಸದೆ ಮರುಪ್ರಸಾರ ಮಾಡಬಹುದು ಅಷ್ಟೆ. ಸುದ್ದಿಯೇ ಬೇಕಾದರೆ ಬೆಂಗಳೂರು, ಧಾರವಾಡ ಆಕಾಶವಾಣಿಯ ಪ್ರಾದೇಶಿಕ ಸುದ್ದಿ ವಿಭಾಗಗಳು ಹಂಗಾಮಿ ವಾರ್ತಾವಾಚಕ–ಅನುವಾದಕರ ಪಟ್ಟಿಗೆ ಅರ್ಜಿ ಕರೆಯುವುದನ್ನು ಕಾಯಿರಿ. ಲಿಖಿತ ಪರೀಕ್ಷೆಯೂ ಇದೆ, ಧ್ವನಿ ಪರೀಕ್ಷೆಯೂ ಇದೆ. ಅದು ಕಾಯಂ ನೌಕರಿಯಲ್ಲ, ತಿಂಗಳಿಗೆ ಕೆಲವೇ ದಿನದ ಕೆಲಸ.

ಧ್ವನಿ ಗಡಸಾಗಲು ಜೇನು–ಮೆಣಸು, ಕಲ್ಲುಸಕ್ಕರೆ, ಅತಿಮಧುರ: ಯಾವುದು ಒಳ್ಳೆಯದು?

ನುಂಗಿದ್ದೆಲ್ಲ ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುಗಳನ್ನು ಮುಟ್ಟುವುದೇ ಇಲ್ಲ. ‘ಧ್ವನಿ ದಪ್ಪ ಮಾಡುವ’ ಪುಡಿ ಮಾರುವವರಿಗೆ ಇದು ಗೊತ್ತಿಲ್ಲವೋ, ಗೊತ್ತಿದ್ದೂ ಮಾರುತ್ತಾರೋ. ನೀರು ಕುಡಿಯಿರಿ, ಕೂಗಬೇಡಿ. ಗೊಗ್ಗರು ಧ್ವನಿ ಮೂರು ವಾರ ದಾಟಿದರೆ ಕಿವಿ–ಮೂಗು–ಗಂಟಲು ವೈದ್ಯರ ಬಳಿ ಹೋಗಿ.

ಬಣ್ಣ ಕಪ್ಪು. ಆ್ಯಂಕರ್ ಆಗಬಹುದೇ?

ಆಗಬಹುದು. ಮೇಕಪ್, ಬೆಳಕು ಸ್ಟುಡಿಯೊದವರ ಕೆಲಸ. ಮುಂದಿನ ಪ್ರಶ್ನೆ.

ನನ್ನದು ಕಲಬುರಗಿ ಕಡೆಯ ಮಾತು. ಬಿಡಬೇಕೇ?

ಬುಲೆಟಿನ್‌ಗೆ ಬರಹದ ಕನ್ನಡವನ್ನು ಶುದ್ಧವಾಗಿ ಓದಿದರೆ ಸಾಕು. ಜನರ ಬೈಟ್ (ಕ್ಯಾಮೆರಾ ಮುಂದಿನ ಹೇಳಿಕೆ) ತೆಗೆಯುವಾಗ ನಿಮ್ಮ ಮಾತೇ ಇರಲಿ. ‘ಏನ್ರೀ, ಬೆಳಿ ಹ್ಯಾಂಗ ಅದ’ ಅಂದರೆ ರೈತ ಬಾಯಿ ಬಿಡುತ್ತಾನೆ. ಬೆಂಗಳೂರಿನ ಮಾತನ್ನು ನಕಲು ಮಾಡಿದರೆ ಎರಡೂ ಕೆಡುತ್ತವೆ.

ಸ್ವಂತ ಯೂಟ್ಯೂಬ್ ಸುದ್ದಿ ಚಾನೆಲ್ ಇದೆ. ಅಪ್ರಾಪ್ತ ಬಾಲಕಿಯ ಮೇಲಿನ ಲೈಂಗಿಕ ದೌರ್ಜನ್ಯದ ಸುದ್ದಿಯಲ್ಲಿ ಅವಳ ಮುಖ ಮಸುಕು ಮಾಡಿ, ತಂದೆಯ ಬೈಟ್ ಹಾಕಿದೆ. ಈಗ ಪೊಲೀಸರು ಕರೆದಿದ್ದಾರೆ. ತಪ್ಪೇನು?

ತಂದೆಯ ಮುಖ ತೋರಿಸಿದರೆ ಮಗಳ ಮುಖ ತೋರಿಸಿದಂತೆಯೇ. ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೆಸರು, ಫೋಟೊ ಅಷ್ಟನ್ನೇ ಅಲ್ಲ, ಮನೆಯವರ ವಿವರ, ಶಾಲೆ, ವಿಳಾಸ, ನೆರೆಹೊರೆ, ಹೀಗೆ ಗುರುತು ಹತ್ತುವ ಯಾವುದನ್ನೂ ಹೇಳಬಾರದು ಎನ್ನುತ್ತದೆ. ಜೈಲಾದರೆ ಆರು ತಿಂಗಳಿಗೆ ಕಡಿಮೆಯಿಲ್ಲ, ಒಂದು ವರ್ಷದವರೆಗೆ ಆಗಬಹುದು; ದಂಡ ಮಾತ್ರ ಅಥವಾ ಎರಡೂ ಆಗಬಹುದು. ಅತ್ಯಾಚಾರದ ಪ್ರಕರಣವಾದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಕೂಡ ಬರುತ್ತದೆ. ‘ಗ್ರಾಮದ ಕಿರಾಣಿ ಅಂಗಡಿ ಮಾಲೀಕರ ಮಗಳು’ ಎಂದು ಸ್ಕ್ರೋಲ್ (ತೆರೆಯ ಕೆಳಗೆ ಓಡುವ ಸಾಲು) ಹಾಕಿದರೂ ಅದೇ ಅಪರಾಧ, ಊರಿನಲ್ಲಿ ಕಿರಾಣಿ ಅಂಗಡಿ ಒಂದೇ ಇರುತ್ತದೆ. ಮೊದಲು ವಕೀಲರನ್ನು ನೋಡಿ. ವಿಡಿಯೊವನ್ನು ಸಾರ್ವಜನಿಕರಿಗೆ ಕಾಣದಂತೆ ಈ ಕ್ಷಣವೇ ಮಾಡಿ, ಆದರೆ ಮೂಲ ಫೈಲನ್ನು ಅಳಿಸಬೇಡಿ. ಸಾಕ್ಷ್ಯ ನಾಶದ ಆರೋಪ ಬೇರೆ ಅಂಟಿಕೊಂಡೀತು.