ಹಿಂದುಗಡೆ ಇಂಜಿನ್ ಇರುವ ಗಾಡಿಯ ಫೋಟೊ

"ಕಡಿದಾದ ಏರು ಹತ್ತುವ ಉಗಿ ಇಂಜಿನ್ನನ್ನು ಕಣ್ಣಾರೆ ನೋಡಿದವರು, ಫೋಟೊ ತೆಗೆದವರು ಇದ್ದೀರಾ? ಹೇಗಿತ್ತು?" ಅಂತ ಕೇಳಿದ್ದೀರಿ. ನಾನಿದ್ದೇನೆ. ತೊಂಬತ್ತರ ದಶಕದಲ್ಲಿ ನಾಲ್ಕೈದು ವರ್ಷ, ರಜೆ ಸಿಕ್ಕಾಗಲೆಲ್ಲ ನೀಲಗಿರಿ ಬೆಟ್ಟದ ರೈಲು ನೋಡಲು ಮೈಸೂರಿನಿಂದ ಬಸ್ ಹತ್ತಿ ಊಟಿ ಹತ್ತಿರದ ಕೂನೂರಿಗೆ ಹೋಗುತ್ತಿದ್ದೆ. ಎಲ್ಲರೂ ರೈಲು ಹತ್ತಿ ಊಟಿ ನೋಡಲು ಹೋಗುತ್ತಾರೆ, ನಾನು ಊಟಿಯವರೆಗೂ ಹೋಗಿ ರೈಲು ನೋಡಿ ಬರುತ್ತಿದ್ದೆ. "ಹತ್ತೋದೂ ಇಲ್ಲವಂತೆ, ಸುಮ್ನೆ ನಿಂತು ನೋಡಿ ಬರ್ತಾನಂತೆ" ಅಂತ ನಮ್ಮಜ್ಜಿ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು.

ಏರು ಎಷ್ಟು ಕಡಿದು ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ರೈಲು 50 ಅಡಿ ಮುಂದೆ ಹೋದರೆ 1 ಅಡಿ ಮೇಲೇರುತ್ತದೆ. ಅದನ್ನೇ ನಾವು ಭಾರಿ ಏರು ಅನ್ನುತ್ತೇವೆ. ನೀಲಗಿರಿ ರೈಲಿನಲ್ಲಿ ಕಲ್ಲಾರ್‌ನಿಂದ ಕೂನೂರಿನವರೆಗೆ, ಸುಮಾರು 20 ಕಿಲೋಮೀಟರ್, ಕೆಲವು ಕಡೆ 12 ಅಡಿಗೇ 1 ಅಡಿ ಏರು. ಬರೀ ಚಕ್ರಕ್ಕೆ ಇದು ಆಗುವ ಕೆಲಸವಲ್ಲ, ಜಾರಿಬಿಡುತ್ತದೆ. ಅದಕ್ಕೇ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿದ್ದಾರೆ. ಒಂದಲ್ಲ, ಅಕ್ಕಪಕ್ಕ ಎರಡು. ಒಂದರ ಹಲ್ಲು ಇರುವ ಕಡೆ ಇನ್ನೊಂದರಲ್ಲಿ ಸಂದು. ಇಂಜಿನ್ ಕೆಳಗಿನ ಹಲ್ಲುಚಕ್ರಕ್ಕೆ ಯಾವಾಗಲೂ ಒಂದಾದರೂ ಹಲ್ಲು ಸಿಕ್ಕೇ ಇರಲಿ ಅಂತ. ಸ್ವಿಟ್ಜರ್ಲೆಂಡಿನ ರೋಮನ್ ಆಬ್ಟ್ ಅನ್ನುವವರು ಕಂಡುಹಿಡಿದ ಉಪಾಯ ಇದು. ಕೂನೂರಿನವರೆಗೆ ರೈಲು ಬಂದದ್ದು 1899ರಲ್ಲಿ, ಊಟಿಗೆ 1908ರಲ್ಲಿ.

ಇಂಜಿನ್‌ಗಳೂ ಸ್ವಿಟ್ಜರ್ಲೆಂಡಿನಿಂದಲೇ ಬಂದವು, ವಿಂಟರ್‌ಥೂರ್ ಕಾರ್ಖಾನೆಯಿಂದ. ಎಕ್ಸ್ ಕ್ಲಾಸ್ ಅಂತ ಹೆಸರು. ಪಕ್ಕದಿಂದ ನೋಡಿದರೆ ಸಿಲಿಂಡರು ಎರಡಂತಸ್ತು: ಕೆಳಗಿನದು ಮಾಮೂಲಿ ಚಕ್ರಕ್ಕೆ, ಮೇಲಿನದು ಹಲ್ಲುಚಕ್ರಕ್ಕೆ. ರೈಲು ಹೊರಡುವ ಕೆಳಗಿನ ಊರು ಮೆಟ್ಟುಪಾಳಯಂ ಬಿಟ್ಟಾಗ ಕೆಳಗಿನ ರಾಡ್‌ಗಳು ಮಾತ್ರ ಆಡುತ್ತಿರುತ್ತವೆ. ಕಲ್ಲಾರ್ ದಾಟಿ ಹಲ್ಲಿನ ಪಟ್ಟಿ ಶುರುವಾಗುವಲ್ಲಿ ಗಾಡಿ ತೀರಾ ನಿಧಾನವಾಗುತ್ತದೆ. ಕಟಕ್ ಅಂತ ಹಲ್ಲು ಕೂರುತ್ತದೆ. ಆಮೇಲೆ ಮೇಲಿನ ರಾಡ್‌ಗಳೂ ಓಡಾಡತೊಡಗುತ್ತವೆ, ಸದ್ದೇ ಬೇರೆಯಾಗುತ್ತದೆ. ಮೊದಲ ಸಲ ಅದನ್ನು ನೋಡುತ್ತಾ ನಿಂತು ಕ್ಯಾಮೆರಾ ಒತ್ತುವುದನ್ನೇ ಮರೆತಿದ್ದೆ.

ಇನ್ನು ಫೋಟೊ ವಿಷಯ. ಗಾಡಿ ಇಷ್ಟು ನಿಧಾನ, ಜೊತೆಗೆ ಓಡಬಹುದು, ಇನ್ನೇನು ಕಷ್ಟ ಅಂದುಕೊಂಡಿದ್ದೆ. ಮೊದಲ ರೋಲ್ ತೊಳೆಸಿ ತಂದಾಗ ಅದರಲ್ಲಿ ಬೋಗಿಯ ಮೂತಿ ಬಿಟ್ಟು ಬೇರೇನೂ ಇರಲಿಲ್ಲ. ಯಾಕಂದ್ರೆ ಈ ರೈಲಿನಲ್ಲಿ ಇಂಜಿನ್ ಯಾವಾಗಲೂ ಇಳಿಜಾರಿನ ಕಡೆ ಇರುತ್ತದೆ. ಹತ್ತುವಾಗ ಹಿಂದಿನಿಂದ ತಳ್ಳುತ್ತದೆ. ಕೊಂಡಿ ತಪ್ಪಿದರೂ ಬೋಗಿಗಳು ಕೆಳಕ್ಕೆ ಓಡಿಹೋಗಬಾರದಲ್ವಾ, ಅದಕ್ಕೆ. ಡ್ರೈವರ್‌ಗೆ ಮುಂದಿನ ದಾರಿ ಕಾಣುವುದೇ ಇಲ್ಲ. ಮುಂದಿನ ಬೋಗಿಯ ಹೊರಗೆ ಬಾವುಟ ಹಿಡಿದು ನಿಂತವನೇ ಅವನ ಕಣ್ಣು. ಒಂದೊಂದು ಬೋಗಿಗೂ ಒಬ್ಬೊಬ್ಬ ಬ್ರೇಕ್‌ಮನ್ ಬೇರೆ.

ಸರಿ, ಇಳಿಯುವಾಗ ಇಂಜಿನ್ ಮುಂದೆ ಬರುತ್ತದಲ್ಲ, ಆಗ ತೆಗೆಯೋಣ ಅಂತ ಮಧ್ಯಾಹ್ನದ ಗಾಡಿಗೆ ಕಾದೆ. ಬಂತು. ಇಂಜಿನ್ ಮುಂದೆಯೇ ಇತ್ತು, ಬಿಸಿಲೂ ಚೆನ್ನಾಗಿತ್ತು. ಹೊಗೆಯೇ ಇಲ್ಲ! ಇಳಿಯುವಾಗ ಅದಕ್ಕೆ ಎಳೆಯುವ ಕೆಲಸವಿಲ್ಲ, ತಡೆಯುವ ಕೆಲಸ ಮಾತ್ರ. ಯಾರೋ ಮುದುಕರು ಕೋಲೂರಿ ಮೆಟ್ಟಿಲಿಳಿದ ಹಾಗೆ ಇಳಿದು ಹೋಯಿತು. ಹೊಗೆ ಇದ್ದಾಗ ಇಂಜಿನ್ ಕಾಣುವುದಿಲ್ಲ, ಇಂಜಿನ್ ಕಂಡಾಗ ಹೊಗೆ ಇರುವುದಿಲ್ಲ. ಇದನ್ನು ಹೇಗಪ್ಪಾ ಗೆಲ್ಲುವುದು ಅಂತಲೇ ನನ್ನ ನಾಲ್ಕೈದು ವರ್ಷ ಕಳೆದದ್ದು.

ದಾರಿ ಸಿಕ್ಕಿದ್ದು ತಿರುವುಗಳಲ್ಲಿ. ಈ ಮಾರ್ಗದಲ್ಲಿ 208 ತಿರುವುಗಳಿವೆ. ಒಳ್ಳೆಯ ತಿರುವಿನ ಎದುರಿನ ಗುಡ್ಡದ ಮೇಲೆ ನಿಂತರೆ ಗಾಡಿ ಬಿಲ್ಲಿನ ಹಾಗೆ ಬಾಗುತ್ತದೆ. ಮುಂದೆ ಬಾವುಟದವನು, ನಡುವೆ ನೀಲಿ ಬೋಗಿಗಳು, ಬಾಲದಲ್ಲಿ ಇಂಜಿನ್ ಮತ್ತು ಹೊಗೆ, ಎಲ್ಲ ಒಂದೇ ಚೌಕಟ್ಟಿಗೆ ಬರುತ್ತವೆ. ಕೂನೂರಿಗಿಂತ ಕೆಳಗಿನ ರನ್ನಿಮೇಡ್ ಸ್ಟೇಷನ್ ಹತ್ತಿರ ಬಸ್ಸಿಳಿದು ಅಂಥ ಜಾಗ ಹುಡುಕುತ್ತಿದ್ದೆ. ಬೆಳಗ್ಗೆ 7ರ ಸುಮಾರಿಗೆ ಮೆಟ್ಟುಪಾಳಯಂ ಬಿಟ್ಟ ಗಾಡಿ ದಾರಿಯಲ್ಲಿ ನಿಂತು ನಿಂತು ನೀರು ಕುಡಿದು ಅಲ್ಲಿಗೆ ಬರುವಷ್ಟರಲ್ಲಿ ಹತ್ತಾಗುತ್ತಿತ್ತು. ಕಾಣುವುದಕ್ಕಿಂತ ಬಹಳ ಮೊದಲೇ ಕೇಳಿಸುತ್ತದೆ. ಕೆಳಗೆಲ್ಲೋ ಕಾಡಿನಲ್ಲಿ ಏದುಸಿರು. ಆಮೇಲೆ ಪೂರ್ತಿ ನಿಶ್ಶಬ್ದ, ಸುರಂಗಕ್ಕೆ ಹೋಗಿದೆ ಅಂತ ಅರ್ಥ. ಮತ್ತೆ ಇನ್ನೊಂದು ದಿಕ್ಕಿನಿಂದ ಸದ್ದು. ಹೀಗೆ ಕಣ್ಣಾಮುಚ್ಚಾಲೆ ಆಡಿಸಿ ಆಡಿಸಿ, ಕೊನೆಗೆ ಮರಗಳ ಮೇಲೆ ಹೊಗೆ ಏಳುತ್ತದೆ. ಆಗ ಕೈ ನಡುಗುತ್ತದೆ ನೋಡಿ, ಇಷ್ಟು ವರ್ಷವಾದರೂ ಆ ನಡುಕ ನೆನಪಿದೆ.

ಚಳಿ ಇದ್ದಷ್ಟೂ ಫೋಟೊ ಚೆನ್ನ. ತಣ್ಣನೆ ಗಾಳಿಗೆ ಉಗಿ ಬೇಗ ಹನಿಗಟ್ಟಿ ಬೆಳ್ಳಗೆ ದಪ್ಪಗೆ ಕಾಣುತ್ತದೆ. ಜನವರಿಯ ಹೊಗೆಯ ಮುಂದೆ ಏಪ್ರಿಲ್‌ನದು ಬರೀ ಬೂದಿ. ಆದರೆ ಬಿಳಿ ಉಗಿ ಚೌಕಟ್ಟಿನ ತುಂಬ ಬಂದರೆ ಕ್ಯಾಮೆರಾದ ಮೀಟರ್ ಮೋಸ ಹೋಗುತ್ತದೆ, ಬೆಳಕು ಜಾಸ್ತಿ ಇದೆ ಅಂದುಕೊಂಡು ಇಂಜಿನ್ನನ್ನು ಮಸಿಮುದ್ದೆ ಮಾಡಿಬಿಡುತ್ತದೆ. ಹಾಗಾಗಿ ನಾನು ಪಕ್ಕದ ಹಸಿರು ಗಿಡಗಳ ಮೇಲೆ ಅಳತೆ ಹಿಡಿದು ಇಟ್ಟುಕೊಳ್ಳುತ್ತಿದ್ದೆ.

ಒಂದು ಸಲದ ಕಥೆ ಹೇಳಲೇಬೇಕು. ಮಂಜು ಸರಿದು, ಎಳೆಬಿಸಿಲು ಬಿದ್ದು, ಗಾಡಿ ನನ್ನ ಎದುರಿಗೇ ಬುಸುಗುಡುತ್ತಾ ಬಂತು. ಒತ್ತಿದೆ, ಲಿವರ್ ಎಳೆದೆ, ಒತ್ತಿದೆ. ರೋಲಿನಲ್ಲಿರುವುದು 36 ಫೋಟೊ. ಎಣಿಕೆ ಅದನ್ನೂ ದಾಟಿತು, 37, 38. ಒಂದೆರಡು ಫೋಟೊ ಹೆಚ್ಚಿಗೆ ಬಂತಲ್ಲ ಅಂತ ಖುಷಿಪಟ್ಟ ದಡ್ಡ ನಾನು. 40 ಆದಮೇಲೆ ಅನುಮಾನ ಬಂತು. ಕ್ಯಾಮೆರಾ ಬಿಚ್ಚಿದರೆ ಫಿಲ್ಮ್ ಇದ್ದಲ್ಲೇ ಇದೆ. ಅದರ ತೂತುಗಳು ಒಳಗಿನ ಹಲ್ಲಿಗೆ ಸಿಕ್ಕಿಕೊಂಡೇ ಇರಲಿಲ್ಲ. ಎದುರಿಗೆ ಆ ಇಂಜಿನ್ ಹಲ್ಲಿಗೆ ಹಲ್ಲು ಕೂರಿಸಿಕೊಂಡು ಒಂದಿಂಚೂ ಜಾರದೆ ಬೆಟ್ಟ ಹತ್ತುತ್ತಿದೆ, ಇಲ್ಲಿ ನನ್ನ ಕೈಯಲ್ಲಿ ಹೀಗೆ. ಅವತ್ತಿನ ಒಂದು ಫೋಟೊನೂ ಇಲ್ಲ. ಕಣ್ಣು ಮುಚ್ಚಿದರೆ ನೆನಪಾಗುವುದು ಮಾತ್ರ ಅವತ್ತಿನದೇ.

ಈಗಲೂ ಆ ಏರಿನಲ್ಲಿ ಉಗಿ ಇಂಜಿನ್ನೇ ತಳ್ಳುತ್ತದೆ. 2005ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಕೂನೂರಿನಿಂದ ಮೇಲೆ ಡೀಸೆಲ್. ತಿರುಚ್ಚಿಯ ಗೋಲ್ಡನ್ ರಾಕ್ ಕಾರ್ಖಾನೆಯಲ್ಲಿ ಹೊಸ ಎಕ್ಸ್ ಕ್ಲಾಸ್‌ಗಳನ್ನೂ ಕಟ್ಟಿದ್ದಾರೆ, ಎಣ್ಣೆ ಉರಿಸುವಂಥವು. ಅದರ ಬೆಂಕಿಯ ಸದ್ದು, ವಾಸನೆ ಎರಡೂ ಬೇರೆ. ನನಗೆ ಕಲ್ಲಿದ್ದಲೇ ಇಷ್ಟ, ಅದು ಹಳಬರ ಹಟ ಅನ್ನಿ.

ಹೋಗುವುದಾದರೆ ಹಳಿ ಮೇಲೆ ಇಳಿಯಬೇಡಿ, ಅಲ್ಲಿ ಆನೆಗಳೂ ಓಡಾಡುತ್ತವೆ. ಅಕ್ಟೋಬರ್, ನವೆಂಬರ್‌ನಲ್ಲಿ ಹೊರಡುವ ಮುಂಚೆ ಗಾಡಿ ಇದೆಯಾ ಅಂತ ಕೇಳಿಕೊಳ್ಳಿ. ಮಳೆಗೆ ಗುಡ್ಡ ಕುಸಿದು ಹಳಿ ಮುಚ್ಚಿಹೋಗುವುದು ಅಲ್ಲಿ ಮಾಮೂಲು. ನಾನು ಎರಡು ಸಲ ಹೀಗೆ ಮೈಸೂರಿನಿಂದ ಅಷ್ಟು ದೂರ ಹೋಗಿ, ಕೂನೂರು ಸ್ಟೇಷನ್ನಿನಲ್ಲಿ ಟೀ ಕುಡಿದು ವಾಪಸ್ ಬಸ್ ಹತ್ತಿದ್ದೇನೆ.